ಪೇಟಿ ಅಜ್ಜ ಕಾಯುತ್ತಿದ್ದರು, ಟ್ರ್ಯಾಕ್ ಕಾಯುವುದಿಲ್ಲ

ಕಳೆದ ಡಿಸೆಂಬರ್ ಕೊನೆಯ ವಾರ. ಆವರಗೆರೆ ಕಡೆಯ ಒಂದು ಸಣ್ಣ ಚರ್ಚಿಗೆ ಕ್ರಿಸ್‌ಮಸ್ ಸುದ್ದಿಗೆಂದು ಹೋಗಿದ್ದೆವು. ಒಂದು ಫೋಟೊ, ನಾಲ್ಕು ಸಾಲು. ಜಿಲ್ಲಾ ಪುಟದಲ್ಲಿ ಇಂಥ ಸುದ್ದಿಗೆ ಸಿಗುವ ಜಾಗ ಅಷ್ಟೇ.

ಒಳಗೆ ಐದಾರು ಹೆಣ್ಣುಮಕ್ಕಳು, ಇಬ್ಬರು ಹುಡುಗರು ಮುಂದೆ ನಿಂತು ಹಾಡುತ್ತಿದ್ದರು. ಕೀಬೋರ್ಡ್, ತಬಲಾ, ಡೋಲಕ್ ಎಲ್ಲದರ ಸದ್ದು ಕೇಳುತ್ತಿತ್ತು, ನುಡಿಸುವವರು ಮಾತ್ರ ಯಾರೂ ಕಾಣಲಿಲ್ಲ. ಕಿಟಕಿ ಕಟ್ಟೆಯ ಮೇಲೆ ಇಟ್ಟಿದ್ದ ಒಂದು ಮೊಬೈಲಿನಿಂದ ಬ್ಲೂಟೂತ್ ಮೂಲಕ ಸಂಗೀತ ಸೌಂಡ್ ಬಾಕ್ಸಿಗೆ ಹೋಗುತ್ತಿತ್ತು. ಎರಡನೇ ಚರಣ ಮುಗಿಯುವ ಹೊತ್ತಿಗೆ ಸಂಗೀತ ಥಟ್ಟನೆ ನಿಂತಿತು. ಅದರ ಜಾಗದಲ್ಲಿ ಇಡೀ ಚರ್ಚಿಗೆ ಕೇಳುವಂತೆ ಸಿನಿಮಾ ಹಾಡಿನ ರಿಂಗ್‌ಟೋನ್! ಯಾರೋ ಹುಡುಗನಿಗೆ ಫೋನ್ ಮಾಡಿದ್ದರು. ಅವನು ಓಡಿಹೋಗಿ ಕಟ್ ಮಾಡಿ ಮತ್ತೆ ಒತ್ತಿದರೆ ಈ ಸಲ ಯೂಟ್ಯೂಬಿನ ಜಾಹೀರಾತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹುಡುಗನ ಮುಖ ಕೆಂಪಾಯಿತು.

ಹಾಡುತ್ತಿದ್ದ ಅಕ್ಕನೊಬ್ಬರು ಮಾತ್ರ ನಿಲ್ಲಿಸಲಿಲ್ಲ. ಚಪ್ಪಾಳೆ ತಟ್ಟುತ್ತಾ ಮೂರನೇ ಚರಣ ಎತ್ತಿಕೊಂಡರು. ಬೆಂಚಿನಲ್ಲಿದ್ದವರೂ ಚಪ್ಪಾಳೆ ಹಾಕಿ ದನಿಗೂಡಿಸಿದರು. ನಿಜ ಹೇಳಬೇಕೆಂದರೆ, ಆ ದಿನ ಎಲ್ಲರೂ ಬಾಯಿಬಿಟ್ಟು ಹಾಡಿದ್ದು ಅದೊಂದೇ ಚರಣ.

ಹೊರಗೆ ಬರುವಾಗ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಪೇಟಿ ಕಾಣಿಸಿತು. ಯಾರದು ಎಂದು ಕೇಳಿದೆವು. ಮೂರನೇ ಬೆಂಚಿನಲ್ಲಿ ಕುಳಿತಿದ್ದ ಅಜ್ಜನನ್ನು ತೋರಿಸಿದರು. ಬಹಳ ವರ್ಷ ಅಲ್ಲಿ ಪೇಟಿ ನುಡಿಸಿದವರಂತೆ.

"ಅಜ್ಜಾರೇ, ಇವತ್ತು ನೀವ್ಯಾಕೆ ನುಡಿಸಲಿಲ್ಲ?" ಎಂದೆವು.

"ಯಾರೂ ಕರೀಲಿಲ್ಲಪ್ಪ. ಈಗೆಲ್ಲಾ ಮೊಬೈಲ್‌ನಾಗೇ ಬರ್ತೈತಲ್ಲ."

ಆಮೇಲೆ ಆ ಹುಡುಗನನ್ನೂ ಕೇಳಿದೆವು. ಅವನದೇನೂ ಸೊಕ್ಕಿನ ಮಾತಲ್ಲ. "ಅಜ್ಜನ ಪೇಟಿ ಟ್ರ್ಯಾಕಿಗೆ ಕೂಡ್ಲಿಲ್ಲ ಅಣ್ಣಾ. ಎರಡೂ ಒಟ್ಟಿಗೆ ಹಚ್ಚಿದ್ರೆ ಕಿವಿಗೆ ಕೆಟ್ಟದಾಗಿ ಕೇಳ್ತಿತ್ತು. ಅದಕ್ಕೆ ಪೇಟಿ ಬಿಟ್ವಿ" ಎಂದ.

ನಾವು ಈ ಬರಹ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಚರ್ಚಿನಲ್ಲಿ ಟ್ರ್ಯಾಕ್ ಹಾಕುವುದು ತಪ್ಪಲ್ಲ. ಹಾಕುವ ಸರಳ ದಾರಿಗಳಿವೆ, ಅವನ್ನು ಮುಂದೆ ಹೇಳುತ್ತೇವೆ. ಆದರೆ ಪೇಟಿ ಟ್ರ್ಯಾಕಿಗೆ ಕೂಡದಿದ್ದರೆ ಪೇಟಿಯನ್ನು ಬಿಡುವುದು ತಪ್ಪು. ಪೇಟಿಗೆ ಕೂಡುವಂತೆ ಟ್ರ್ಯಾಕನ್ನು ತಿದ್ದಬೇಕು. ಅದಕ್ಕೆ ಬೇಕಾದ ಸಾಮಾನು ಊರಿನ ಯಾವುದೇ ಹುಡುಗನ ಕೈಯಲ್ಲಿ ಇವತ್ತು ಇದೆ.

ಟ್ರ್ಯಾಕ್ ಯಾಕೆ ಬಂತು

ದಾವಣಗೆರೆ, ಹರಿಹರದ ಸುತ್ತ ಇರುವ ಸಣ್ಣ ಸಣ್ಣ ಚರ್ಚು, ಪ್ರಾರ್ಥನಾ ಮನೆಗಳನ್ನು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಕೀಬೋರ್ಡ್ ಕಲಿತ ಹುಡುಗ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿರುತ್ತಾನೆ. ತಬಲಾ ನುಡಿಸುವವನಿಗೆ ಭಾನುವಾರವೇ ಮದುವೆ ಮನೆಯ ಆರ್ಕೆಸ್ಟ್ರಾ ಇರುತ್ತದೆ, ಅಲ್ಲಿ ದುಡ್ಡು ಸಿಗುತ್ತದೆ. ಉಳಿದವರು ಹಾಡಬಲ್ಲರು, ನುಡಿಸಲಾರರು. ಜೊತೆಗೆ ಹೊಸ ಹಾಡುಗಳೆಲ್ಲ ಈಗ ಮೊಬೈಲಿನಲ್ಲೇ ಕೇಳಿ ಕಲಿತವು. ಆ ಹಾಡಿನ ಜೊತೆಗೆ ಅದರ ಸಂಗೀತವೂ ಬೇಕು ಅನ್ನಿಸುವುದು ಸಹಜ.

ಇದನ್ನು ಸೋಮಾರಿತನ ಎನ್ನಲು ನಾವು ತಯಾರಿಲ್ಲ. ಮೂವರೇ ಹಾಡುವವರಿದ್ದಾಗ ಹಿಂದೆ ಒಂದು ಶ್ರುತಿ, ಒಂದು ತಾಳ ಇದ್ದರೆ ಧೈರ್ಯ ಬರುತ್ತದೆ. ದನಿ ಜಾರುವುದಿಲ್ಲ.

ಅನುಮಾನ ಇವತ್ತಿನದಲ್ಲ

ದೇವರ ಹಾಡಿಗೆ ಯಂತ್ರ ಬರಬಹುದೋ ಬಾರದೋ ಎನ್ನುವ ಜಗಳ ಹಳೆಯದು. ಅಜ್ಜನ ಪೇಟಿಯ ಕಥೆಯನ್ನೇ ನೋಡಿ. ಹಾರ್ಮೋನಿಯಂ ಹುಟ್ಟಿದ್ದು ಯುರೋಪಿನಲ್ಲಿ, 19ನೇ ಶತಮಾನದಲ್ಲಿ. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವ ಪೇಟಿಯನ್ನು ಮಾಡಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅದು ಭಜನೆ, ನಾಟಕ, ಚರ್ಚು ಎಲ್ಲ ಕಡೆ ಹೋಯಿತು. ಆದರೂ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಾಯನಕ್ಕೆ ಈ ಪರದೇಶಿ ವಾದ್ಯ ಹೊಂದುವುದಿಲ್ಲ ಎಂಬ ವಾದ ಆಗ ಇತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಇವತ್ತು ನಾವು "ನಮ್ಮ ಹಳೇ ವಾದ್ಯ" ಎಂದು ಪ್ರೀತಿಸುವ ಪೇಟಿಯೂ ಒಂದು ಕಾಲಕ್ಕೆ ಬಾಗಿಲ ಹೊರಗೆ ನಿಂತಿತ್ತು.

ಕ್ಯಾಥೊಲಿಕ್ ಸಭೆಯಲ್ಲೂ ಇದೇ ಚರ್ಚೆ ನಡೆದಿದೆ. 1903ರಲ್ಲಿ ಹತ್ತನೇ ಪಯಸ್ ಪೋಪರು ದೇವಾಲಯದಲ್ಲಿ ಪಿಯಾನೊ ನುಡಿಸುವುದನ್ನು ನಿಷೇಧಿಸಿದ್ದರು. 1958ರಲ್ಲಿ ರೋಮಿನಿಂದ ಬಂದ ಸೂಚನೆಯೊಂದು ಗ್ರಾಮಫೋನ್, ಟೇಪ್ ರೆಕಾರ್ಡರ್‌ನಂಥ ಯಂತ್ರಗಳನ್ನು ಆರಾಧನೆಯ ಹೊತ್ತಿನಲ್ಲಿ ಬಳಸಬಾರದು, ಹಾಡುವವರಿಗೆ ಬೆಂಬಲವಾಗಿಯೂ ಬಳಸಬಾರದು ಎಂದಿತು. ಆದರೆ ಜನರಿಗೆ ಹಾಡು ಕಲಿಸಲು ಮತ್ತು ದೇವಾಲಯದ ಹೊರಗೆ ಮೆರವಣಿಗೆಯಲ್ಲಿ ಹಾಡನ್ನು ನಡೆಸಲು ಬಳಸಬಹುದು ಎಂದೂ ಅದೇ ಸೂಚನೆ ಹೇಳಿತ್ತು. ಐದು ವರ್ಷದ ನಂತರ, 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ, ಆಯಾ ನಾಡಿನ ಸಂಗೀತಕ್ಕೆ ಬಾಗಿಲು ತೆರೆಯಿತು. ಕನ್ನಡದಲ್ಲಿ ಬಲಿಪೂಜೆ, ಕನ್ನಡದ ಹಾಡು, ಜೊತೆಗೆ ತಬಲಾ ಬಂದದ್ದರ ಹಿಂದೆ ಆ ತೀರ್ಮಾನ ಇದೆ.

ಪ್ರೊಟೆಸ್ಟೆಂಟ್ ಕಡೆ ಈ ಕೆಲಸ ಇನ್ನೂ ಮೊದಲೇ ಶುರುವಾಗಿತ್ತು. ನಿಘಂಟಿನಿಂದ ಹೆಸರಾದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1862ರಲ್ಲೇ ಕ್ರಿಸ್ತನ ಕಥೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಇಲ್ಲಿನ ಹಾಡುಗಬ್ಬದ ರೀತಿಯಲ್ಲಿ ಕನ್ನಡಕ್ಕೆ ತಂದಿದ್ದರು. ಹೊರಗಿನಿಂದ ಬಂದ ಹಾಡು ಈ ಊರಿನ ಬಾಯಿಗೆ ಹೊಂದಬೇಕು ಎನ್ನುವುದು ಆವತ್ತಿನ ಕಾಳಜಿ. ಇವತ್ತು ಟ್ರ್ಯಾಕ್ ವಿಷಯದಲ್ಲಿ ನಾವು ಕೇಳುತ್ತಿರುವುದೂ ಅದನ್ನೇ.

ಹಾಗಾಗಿ ಮೊದಲ ಮಾತು: ನಿಮ್ಮದು ಕ್ಯಾಥೊಲಿಕ್ ಧರ್ಮಕೇಂದ್ರವಾದರೆ ಟ್ರ್ಯಾಕ್ ಹಾಕುವ ಮೊದಲು ಫಾದರ್ ಅವರನ್ನು ಕೇಳಿ. ಬಲಿಪೂಜೆಗೆ ಒಂದು ನಿಯಮ ಇರಬಹುದು, ಮೆರವಣಿಗೆಗೆ, ಜಪಸರಕ್ಕೆ, ಮಕ್ಕಳ ಕಾರ್ಯಕ್ರಮಕ್ಕೆ ಇನ್ನೊಂದಿರಬಹುದು. ಬೇರೆ ಸಭೆಗಳಲ್ಲಿ ಪಾಸ್ಟರ್, ಸಭೆಯ ಹಿರಿಯರು ಕೂತು ತೀರ್ಮಾನಿಸಿ. ಹುಡುಗರ ತಲೆಗೆ ಜವಾಬ್ದಾರಿ ಕಟ್ಟಿ, ಆಮೇಲೆ ಅವರನ್ನೇ ಬೈಯುವುದು ಬೇಡ.

ಟ್ರ್ಯಾಕಿನ ದೊಡ್ಡ ಕೊರತೆ

ದಾವಣಗೆರೆಯವರಿಗೆ ಇದನ್ನು ಹೇಳುವುದು ಸುಲಭ. ನಾವು ಕಂಪನಿ ನಾಟಕದ ಊರಿನವರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮದು. ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರರು ಕೂರುವ ಜಾಗ ನೋಡಿದ್ದೀರಲ್ಲ? ರಂಗದ ಮುಂದೆ, ನಟನ ಬಾಯಿ ಕಾಣುವಂತೆ. ನಟ ಮಾತು ಮರೆತರೆ ಮಾಸ್ತರರು ಒಂದು ಸುತ್ತು ಹೆಚ್ಚಿಗೆ ನುಡಿಸಿ ಅವನಿಗೆ ಹೊತ್ತು ಕೊಡುತ್ತಾರೆ. ಜನ ಒನ್ಸ್ ಮೋರ್ ಅಂದರೆ ಅಲ್ಲಿಂದಲೇ ಎತ್ತುತ್ತಾರೆ. ನಟನ ಗಂಟಲು ಕೆಟ್ಟಿದ್ದರೆ ಶ್ರುತಿ ಇಳಿಸುತ್ತಾರೆ.

ಚರ್ಚಿನ ಪೇಟಿ ಅಜ್ಜ ಮಾಡುತ್ತಿದ್ದುದೂ ಇದನ್ನೇ. ಪರಮಪ್ರಸಾದದ ಸಾಲು ಉದ್ದವಾದರೆ ಪಲ್ಲವಿ ಇನ್ನೊಂದು ಸಲ. ಕಾಣಿಕೆ ಬೇಗ ಮುಗಿದರೆ ಅಲ್ಲಿಗೇ ಮಂಗಳ. ಟ್ರ್ಯಾಕಿಗೆ ಇದು ಬರುವುದಿಲ್ಲ. ಅದು 4 ನಿಮಿಷ 20 ಸೆಕೆಂಡ್ ಇದ್ದರೆ ಅಷ್ಟೇ. ಸಾಲಿನಲ್ಲಿ ಇನ್ನೂ ಇಪ್ಪತ್ತು ಜನ ಇದ್ದರೂ ಮುಗಿಯುತ್ತದೆ. ಫಾದರ್ ಕೈ ಮುಗಿದು ನಿಂತಿದ್ದರೂ ಡೋಲಕ್ ಬಡಿಯುತ್ತಲೇ ಇರುತ್ತದೆ.

ಇನ್ನೊಂದು ಕೊರತೆ ಶ್ರುತಿಯದು. ಪೇಟೆಯ ಸ್ಟುಡಿಯೋದಲ್ಲಿ ಪಳಗಿದ ಗಾಯಕರ ದನಿಗೆ ಮಾಡಿದ ಟ್ರ್ಯಾಕು ನಮ್ಮೂರ ಅಕ್ಕಂದಿರಿಗೆ ಎಟಕುವುದಿಲ್ಲ. ಮೇಲಿನ ಸ್ವರ ಬಂದ ಕೂಡಲೇ ಬೆಂಚಿನಲ್ಲಿರುವವರ ಬಾಯಿ ಮುಚ್ಚಿಕೊಳ್ಳುತ್ತದೆ. ಕೊನೆಗೆ ಮೊಬೈಲ್ ಹಾಡುತ್ತದೆ, ಊರು ಕೇಳುತ್ತದೆ.

ಈ ಎರಡು ಕೊರತೆ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ದಾರಿಗಳನ್ನು ನೋಡಿ.

ದಾರಿ 1: ಮೊಬೈಲ್ ಮತ್ತು ಒಂದು ವೈರು

ಹೆಚ್ಚಿನವರಿಗೆ ಇಷ್ಟೇ ಸಾಕು.

ಯೂಟ್ಯೂಬಿನಿಂದ ನೇರವಾಗಿ ಹಾಕಬೇಡಿ. ನೆಟ್ ನಿಂತರೆ ಹಾಡು ನಿಲ್ಲುತ್ತದೆ, ನಡುವೆ ಜಾಹೀರಾತು ಬರುತ್ತದೆ. ಹಾಡಿನ ಫೈಲು ಮೊಬೈಲಿನ ಒಳಗೇ ಇರಲಿ. ಅದೇ ಫೈಲುಗಳು ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.

ಹಾಡು ಶುರುವಾಗುವ ಮೊದಲು ಫ್ಲೈಟ್ ಮೋಡ್ ಒತ್ತಿ. ಫೋನ್ ಬರುವುದಿಲ್ಲ, ವಾಟ್ಸಾಪ್ ಟಿಣ್ ಅನ್ನುವುದಿಲ್ಲ. ಬೆಳಗಿನ ಅಲಾರಂ ಇದ್ದರೆ ಅದನ್ನೂ ತೆಗೆಯಿರಿ. ಅದು ಫ್ಲೈಟ್ ಮೋಡಿನಲ್ಲೂ ಕೂಗುತ್ತದೆ!

ಬ್ಲೂಟೂತ್ ಬಿಟ್ಟು ವೈರು ಬಳಸಿ. ಬ್ಲೂಟೂತ್ ದೂರ ಹೋದರೆ ಕಡಿಯುತ್ತದೆ, ಬೇರೆ ಯಾರದೋ ಮೊಬೈಲು ಬಂದು ಸೇರಿಕೊಳ್ಳುತ್ತದೆ. ಸದ್ದು ಸ್ವಲ್ಪ ತಡವಾಗಿಯೂ ಬರುತ್ತದೆ. ಡ್ರಮ್ ಹುಡುಗ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳಿ ನುಡಿಸುತ್ತಾ, ಜನ ವೈರಿನ ಬಾಕ್ಸಿನಲ್ಲಿ ಕೇಳುತ್ತಿದ್ದರೆ ತಾಳ ಹಿಂದೆ ಬೀಳುವುದು ಇದರಿಂದಲೇ. ಮೊಬೈಲಿಗೆ ಇಯರ್‌ಫೋನ್ ಪಿನ್ ಹಾಕುವ ತೂತು ಇಲ್ಲದಿದ್ದರೆ ಟೈಪ್-ಸಿ ಕನ್ವರ್ಟರ್ ಎಂದು ಮೊಬೈಲ್ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ. ಅಂಗಡಿಯಲ್ಲೇ ಹಾಕಿ ನೋಡಿ ತೆಗೆದುಕೊಳ್ಳಿ.

ವೈರನ್ನು ಮಿಕ್ಸರ್ ಅಥವಾ ಆಂಪ್ಲಿಫೈಯರಿನ ಮೈಕ್ ಕಡೆಗೆ ಚುಚ್ಚಬೇಡಿ, ಸದ್ದು ಒಡೆಯುತ್ತದೆ. ಆಕ್ಸ್ ಅಥವಾ ಲೈನ್ ಎಂದು ಬರೆದ ಕಡೆ ಹಾಕಿ. ಮೊಬೈಲಿನ ಸದ್ದು ಮುಕ್ಕಾಲು ಭಾಗದಲ್ಲಿ ನಿಲ್ಲಿಸಿ, ಏರಿಳಿಸುವುದನ್ನು ಮಿಕ್ಸರಿನಲ್ಲಿ ಮಾಡಿ. ಚಾರ್ಜಿಗೆ ಹಾಕಿಕೊಂಡೇ ನುಡಿಸಿದರೆ ಕೆಲವು ಸಲ 'ಗುಂಯ್' ಎಂಬ ಸದ್ದು ಸೇರುತ್ತದೆ. ಮೊದಲೇ ಚಾರ್ಜ್ ಮಾಡಿಕೊಂಡು, ಹಾಡುವ ಹೊತ್ತಿಗೆ ಚಾರ್ಜರ್ ಕೀಳಿ.

ಇನ್ನೊಂದು ಸೂಕ್ಷ್ಮ. ಕೆಲವು ಟ್ರ್ಯಾಕುಗಳಲ್ಲಿ ತಬಲಾ ಎಡಗಡೆ, ಗಿಟಾರ್ ಬಲಗಡೆ ಇರುತ್ತದೆ. ನಿಮ್ಮಲ್ಲಿ ಒಂದೇ ಬಾಕ್ಸ್ ಇದ್ದು ಒಂದೇ ಕಡೆಯ ಸದ್ದು ಅದಕ್ಕೆ ಹೋಗುತ್ತಿದ್ದರೆ ಅರ್ಧ ಸಂಗೀತ ಕೇಳಿಸುವುದೇ ಇಲ್ಲ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ 'ಮೋನೊ ಆಡಿಯೊ' ಎಂದು ಹುಡುಕಿ ಆನ್ ಮಾಡಿ. ಎರಡೂ ಕಡೆಯದು ಒಂದಾಗಿ ಬರುತ್ತದೆ.

ದಾರಿ 2: ಪೆನ್ ಡ್ರೈವ್

ಈಗಿನ ಸಣ್ಣ ಮಿಕ್ಸರ್, ಆಂಪ್ಲಿಫೈಯರುಗಳಲ್ಲಿ ಪೆನ್ ಡ್ರೈವ್ ಹಾಕುವ ಜಾಗ ಇರುತ್ತದೆ. ಫೋನ್ ಕರೆಯ ಕಾಟ ಇಲ್ಲ. ಹಾಡುಗಳಿಗೆ ಆ ದಿನದ ಕ್ರಮದಂತೆ 01, 02, 03 ಎಂದು ಹೆಸರಿಡಿ. ಅದರ ಒಂದು ಕೆಟ್ಟ ಗುಣ ಏನೆಂದರೆ ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುತ್ತದೆ. ಪ್ರಾರ್ಥನೆ ನಡೆಯುವಾಗ ಡೋಲಕ್ ಬಾರಿಸಿದರೆ ಹೇಗಿರುತ್ತದೆ ಯೋಚಿಸಿ. ಅದಕ್ಕೆ ಒಂದು ಉಪಾಯ: ಯಾರೂ ಮಾತಾಡದ ಕೋಣೆಯಲ್ಲಿ ಹತ್ತು ನಿಮಿಷ ಮೌನವನ್ನೇ ರೆಕಾರ್ಡ್ ಮಾಡಿ, ಅಥವಾ ಕಂಪ್ಯೂಟರಿನಲ್ಲಿ ಖಾಲಿ ಫೈಲು ಮಾಡಿ. ಪ್ರತಿ ಎರಡು ಹಾಡಿನ ನಡುವೆ ಅದನ್ನು ಇಡಿ. 01 ಹಾಡು, 02 ಖಾಲಿ, 03 ಹಾಡು, 04 ಖಾಲಿ. ಒತ್ತುವವನು ಮರೆತು ಕೂತರೂ ಮರ್ಯಾದೆ ಉಳಿಯುತ್ತದೆ.

ದಾರಿ 3: ಕೀಬೋರ್ಡಿನ ತಾಳ

ಸ್ವಲ್ಪವಾದರೂ ನುಡಿಸಬಲ್ಲ ಒಬ್ಬರಿದ್ದರೆ ಟ್ರ್ಯಾಕಿಗಿಂತ ಇದು ಮೇಲು. ರಿದಮ್ ಇರುವ ಕೀಬೋರ್ಡಿನಲ್ಲಿ ಎಡಗೈಯಲ್ಲಿ ಕಾರ್ಡ್ ಹಿಡಿದರೆ ತಾಳ, ಬೇಸ್ ಎಲ್ಲ ತಾನೇ ಹಿಂಬಾಲಿಸುತ್ತದೆ. ಡೋಲಕ್, ತಬಲಾದ ತಾಳಗಳು ತುಂಬಿರುವ ಕೀಬೋರ್ಡುಗಳು ನಮ್ಮ ದೇಶಕ್ಕೆಂದೇ ಬಂದಿವೆ. ಇಲ್ಲಿ ಮುಖ್ಯ ವಿಷಯ, ಇದು ಕಾಯುತ್ತದೆ. ಸಾಲು ಉದ್ದವಾದರೆ ಪಲ್ಲವಿಗೆ ಮತ್ತೆ ಹೋಗಬಹುದು. ಮುಗಿಸಬೇಕಾದಾಗ 'ಎಂಡಿಂಗ್' ಒತ್ತಿದರೆ ಚೆಂದವಾಗಿ ಮುಗಿಯುತ್ತದೆ. ದನಿ ಎಟಕದಿದ್ದರೆ 'ಟ್ರಾನ್ಸ್‌ಪೋಸ್' ಗುಂಡಿ ಒತ್ತಿ ಎರಡು ಮನೆ ಇಳಿಸಿ. ಮೂರು ಕಾರ್ಡ್ ಕಲಿತ ಹೈಸ್ಕೂಲ್ ಹುಡುಗಿ ಇದರಲ್ಲಿ ಬಹಳಷ್ಟು ಹಾಡು ನಡೆಸಬಲ್ಲಳು.

ದಾರಿ 4: ಶ್ರುತಿ, ತಾಳ ಮಾತ್ರ

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಇಡೀ ವಾದ್ಯಮೇಳದ ಟ್ರ್ಯಾಕು ಬೇಡ. ಶ್ರುತಿ ಒಂದು, ಬೇಕಾದರೆ ತಬಲಾ ಠೇಕಾ ಒಂದು. ಮೊಬೈಲಿನಲ್ಲಿ ತಂಬೂರಿ, ತಬಲಾದ ಆಪ್‌ಗಳು ಪುಕ್ಕಟೆ ಸಿಗುತ್ತವೆ. ಇದೇನೂ ಹೊಸದಲ್ಲ. ಬೆಂಗಳೂರಿನ ರಾಡೆಲ್ ಕಂಪನಿ 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿತು. ಆಮೇಲೆ ಬಂದ ಅದರ 'ತಾಲಮಾಲಾ' ತಬಲಾ ಪೆಟ್ಟಿಗೆಯನ್ನು ಸಂಗೀತ ಕಲಿಯುವವರು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ತಾಳ ಮೊಬೈಲಿನದು, ರಾಗ ಪೇಟಿಯದು, ಹಾಡು ಜನರದು. ತಾಳಕ್ಕೆ ಕೊನೆಯಿಲ್ಲ, ಸಾಲು ಎಷ್ಟು ಉದ್ದವಾದರೂ ನಡೆಯುತ್ತದೆ. ಅಜ್ಜನಿಗೂ ಕೆಲಸ ಉಳಿಯುತ್ತದೆ.

ದಾರಿ 5: ನಮ್ಮೂರಿನದೇ ಟ್ರ್ಯಾಕ್

ಈಗ ಹುಡುಗ ಹೇಳಿದ ಮಾತಿಗೆ ಬರೋಣ. ಪೇಟಿ ಯಾಕೆ ಟ್ರ್ಯಾಕಿಗೆ ಕೂಡಲಿಲ್ಲ? ಹಳೆಯ ಪೇಟಿಯ ರೀಡುಗಳು ವರ್ಷಗಳು ಕಳೆದಂತೆ ಚೂರು ಏರಿರುತ್ತವೆ ಅಥವಾ ಇಳಿದಿರುತ್ತವೆ. ಸ್ಟುಡಿಯೋದ ಟ್ರ್ಯಾಕು ಇಂದಿನ ಕೀಬೋರ್ಡಿನ ಶ್ರುತಿಯಲ್ಲಿ ಇರುತ್ತದೆ. ಎರಡರ ನಡುವೆ ಕಾಲುಮನೆ ವ್ಯತ್ಯಾಸವಿದ್ದರೂ ಕಿವಿಗೆ ಕರಕರೆ. ಪೇಟಿಯ ರೀಡು ಕೆರೆದು ಶ್ರುತಿ ಮಾಡುವುದು ಪಳಗಿದ ಕೈಯ ಕೆಲಸ. ಟ್ರ್ಯಾಕಿನ ಶ್ರುತಿ ಬದಲಿಸುವುದು ಎರಡು ನಿಮಿಷದ ಕೆಲಸ. 'ಆಡಾಸಿಟಿ' ಎಂಬ ಪುಕ್ಕಟೆ ಸಾಫ್ಟ್‌ವೇರು ಇದೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ 'ಚೇಂಜ್ ಪಿಚ್' ಎಂಬ ಕಡೆ ಹೋಗಿ ವೇಗ ಬದಲಾಗದಂತೆ ಶ್ರುತಿಯನ್ನು ಮಾತ್ರ ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. 'ಚೇಂಜ್ ಟೆಂಪೊ' ಎಂಬ ಕಡೆ ಶ್ರುತಿ ಬದಲಾಗದಂತೆ ವೇಗವನ್ನು ಮಾತ್ರ ತಗ್ಗಿಸಬಹುದು. ಅಜ್ಜ ಪೇಟಿಯಲ್ಲಿ ಸಾ ಹಿಡಿಯಲಿ, ಹುಡುಗ ಟ್ರ್ಯಾಕನ್ನು ಅದಕ್ಕೆ ಕೂಡಿಸಲಿ. ಆ ಹುಡುಗನಿಗೆ ಇಷ್ಟನ್ನು ಹೇಳಿಕೊಡುವವರು ಇರಲಿಲ್ಲ, ಅಷ್ಟೇ.

ಇದಕ್ಕಿಂತ ಒಳ್ಳೆಯದು ಅಜ್ಜನ ಪೇಟಿಯನ್ನೇ ರೆಕಾರ್ಡ್ ಮಾಡುವುದು. ಚರ್ಚ್ ಖಾಲಿ ಇರುವ ಸಂಜೆ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ. ಮಡಿಸಿದ ಟವೆಲ್ ಮೇಲೆ ಮೊಬೈಲ್ ಇಟ್ಟು ಪೇಟಿಯಿಂದ ಒಂದು ಮೊಳ ಎರಡು ಮೊಳ ದೂರದಲ್ಲಿಡಿ. ಗಾಳಿ ಹಾಕುವ ಕಡೆಗೆ ಬೇಡ. ಮೊದಲು ನಾಲ್ಕು ಚಪ್ಪಾಳೆ, ಆಮೇಲೆ ಹಾಡು. ಆ ಚಪ್ಪಾಳೆ ಕೇಳಿದರೆ ಹಾಡುವವರಿಗೆ ಎಲ್ಲಿ ಎತ್ತಬೇಕೆಂದು ತಿಳಿಯುತ್ತದೆ. ನಿಮ್ಮ ಅಕ್ಕಂದಿರಿಗೆ ಎಟಕುವ ಶ್ರುತಿಯಲ್ಲಿ, ನಿಮ್ಮ ಸಭೆ ಹಾಡುವ ವೇಗದಲ್ಲಿ ನುಡಿಸಲಿ. ಡೋಲಕ್ ಇದ್ದರೆ ಒಟ್ಟಿಗೇ ಕೂರಲಿ. ಕೊನೆಯಲ್ಲಿ ಎರಡು ನಿಮಿಷ ಸುಮ್ಮನೆ ಶ್ರುತಿ ಹಿಡಿದಿರಲಿ. ಸಾಲು ಉದ್ದವಾದ ದಿನ ಆ ಎರಡು ನಿಮಿಷ ಉಪಯೋಗಕ್ಕೆ ಬರುತ್ತದೆ.

ಅಜ್ಜನಿಗೆ ಮೈ ಹುಷಾರಿಲ್ಲದ ಭಾನುವಾರ ಆ ಟ್ರ್ಯಾಕ್ ಹಾಕಿ. ಬಂದ ಭಾನುವಾರ ಅವರೇ ನುಡಿಸಲಿ.

ಇದರಲ್ಲಿ ಇನ್ನೊಂದು ಲಾಭ ಇದೆ. ಕೀರ್ತನೆ ಪುಸ್ತಕ ತೆರೆದು ನೋಡಿ. ಹಲವು ಪುಸ್ತಕಗಳಲ್ಲಿ ಹಾಡಿನ ಮಾತು ಮಾತ್ರ ಇರುತ್ತದೆ, ಸ್ವರ ಬರೆದಿರುವುದಿಲ್ಲ. ಅದರ ಧಾಟಿ ಇರುವುದು ಹಿರಿಯರ ಬಾಯಲ್ಲಿ, ಪೇಟಿ ಅಜ್ಜನ ಬೆರಳಿನಲ್ಲಿ. ಯೂಟ್ಯೂಬಿನಲ್ಲಿ ಸಿಗದ ಹಾಡಿಗೆ ಟ್ರ್ಯಾಕ್ ಇಲ್ಲ. ಟ್ರ್ಯಾಕ್ ಇಲ್ಲದ ಹಾಡನ್ನು ಹುಡುಗರು ಆರಿಸುವುದಿಲ್ಲ. ಹತ್ತು ವರ್ಷ ಹೀಗೇ ನಡೆದರೆ ಪುಸ್ತಕದಲ್ಲಿ ಹಾಡು ಇರುತ್ತದೆ, ಹಾಡಲು ಬರುವವರು ಇರುವುದಿಲ್ಲ.

ಒತ್ತುವವನೂ ಹಾಡುವವನೇ

ಯಾವ ದಾರಿ ಹಿಡಿದರೂ ಕೆಲವು ಮಾತು ಎಲ್ಲಕ್ಕೂ ಒಂದೇ.

ಮೊಬೈಲ್ ಒತ್ತಲು ಒಬ್ಬನೇ ಇರಲಿ. ಅವನ ಕಣ್ಣು ಫಾದರ್ ಅಥವಾ ಪಾಸ್ಟರ್ ಮೇಲಿರಲಿ. ಹಾಡು ಬೇಗ ನಿಲ್ಲಿಸಬೇಕಾದರೆ ಸ್ಟಾಪ್ ಒತ್ತಬೇಡಿ, ಕತ್ತರಿಸಿದಂತೆ ಆಗುತ್ತದೆ. ಚರಣ ಮುಗಿಯುವಾಗ ಮಿಕ್ಸರಿನಲ್ಲಿ ಸದ್ದು ನಿಧಾನ ಇಳಿಸಿ, ಆಮೇಲೆ ನಿಲ್ಲಿಸಿ.

ಹಾಡುವವರ ಕಡೆಗೆ ಒಂದು ಸಣ್ಣ ಬಾಕ್ಸ್ ತಿರುಗಿಸಿಡಿ. ಅವರಿಗೇ ಟ್ರ್ಯಾಕ್ ಕೇಳದಿದ್ದರೆ ತಾಳ ತಪ್ಪುತ್ತದೆ. ಆ ಬಾಕ್ಸು ಮೈಕಿನ ಬೆನ್ನ ಹಿಂದೆ ಇರಲಿ, ಇಲ್ಲದಿದ್ದರೆ ಕೂಯ್ ಎನ್ನುತ್ತದೆ.

ಸದ್ದು ಎಷ್ಟಿರಬೇಕು? ಒಬ್ಬರು ಕೊನೆಯ ಬೆಂಚಿಗೆ ಹೋಗಿ ನಿಲ್ಲಿ. ಅಲ್ಲಿ ಮುಂದಿನ ಬೆಂಚಿನವರ ಹಾಡು ಕೇಳಬೇಕು. ಟ್ರ್ಯಾಕ್ ಮಾತ್ರ ಕೇಳುತ್ತಿದ್ದರೆ ಇಳಿಸಿ. ಪಕ್ಕದವರ ದನಿ ಕೇಳಿದರೆ ತಾನೇ ನಾವೂ ಬಾಯಿ ತೆರೆಯುವುದು?

ಕರೆಂಟ್ ಹೋದಾಗ ಏನು ಮಾಡಬೇಕೆಂದು ಮೊದಲೇ ಅಭ್ಯಾಸ ಮಾಡಿ. ಬಾಕ್ಸ್ ನಿಂತರೂ ಮೊಬೈಲಿನಲ್ಲಿ ಹಾಡು ಓಡುತ್ತಲೇ ಇರುತ್ತದೆ. ಕರೆಂಟ್ ಬಂದಾಗ ಅದು ಮೂರನೇ ಚರಣದಲ್ಲಿ, ನೀವು ಎರಡನೆಯದರಲ್ಲಿ. ಆದ್ದರಿಂದ ಕರೆಂಟ್ ಹೋದ ಕೂಡಲೇ ಒತ್ತುವವನು ನಿಲ್ಲಿಸಲಿ, ಹಾಡುವವರು ಚಪ್ಪಾಳೆಯಲ್ಲಿ ಮುಂದುವರಿಸಲಿ. ಆ ಅಕ್ಕ ಮಾಡಿದಂತೆ.

ಕಾನೂನಿನ ಒಂದು ಮಾತು

ಬೇರೆಯವರ ಸಂಗೀತ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52ರಲ್ಲಿ, ನಿಜವಾದ ಧಾರ್ಮಿಕ ಸಮಾರಂಭದ ಭಾಗವಾಗಿ ಹಾಡುವುದಕ್ಕೆ, ಧ್ವನಿಮುದ್ರಣ ಕೇಳಿಸುವುದಕ್ಕೆ ವಿನಾಯಿತಿ ಇದೆ. ಆರಾಧನೆಯಲ್ಲಿ ಟ್ರ್ಯಾಕ್ ಹಾಕಿದರೆ ತೊಂದರೆ ಇಲ್ಲ. ಆದರೆ ಅದನ್ನೇ ವಿಡಿಯೊ ಮಾಡಿ ಯೂಟ್ಯೂಬಿಗೆ, ಫೇಸ್‌ಬುಕ್ಕಿಗೆ ಹಾಕುವುದು ಬೇರೆ ವಿಷಯ. ಸಂಗೀತದ ಮಾಲೀಕರು ಹಕ್ಕು ಕೇಳಿದರೆ ವಿಡಿಯೊದ ಸದ್ದು ಹೋಗಬಹುದು, ವಿಡಿಯೊವೇ ಹೋಗಬಹುದು. ಅಜ್ಜನ ಪೇಟಿಯಲ್ಲಿ ಹಳೇ ಕೀರ್ತನೆ ಹಾಡಿದರೆ ಬೇರೆಯವರ ಟ್ರ್ಯಾಕಿನ ಈ ತಲೆನೋವು ಇರುವುದಿಲ್ಲ.

ಹರಿಹರದ ಜಾತ್ರೆ ಮತ್ತು ನಮ್ಮೂರಿನ ಚರ್ಚು

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ಎಷ್ಟು ಜನ ಸೇರುತ್ತಾರೆಂದು ಈ ಕಡೆಯವರಿಗೆ ಗೊತ್ತು. ಎಲ್ಲ ಜಾತಿ, ಎಲ್ಲ ಧರ್ಮದವರೂ ಬರುತ್ತಾರೆ. ಅಂಥ ಕಡೆ ದೊಡ್ಡ ಮೈಕ್ ಸೆಟ್, ದೊಡ್ಡ ಗಾಯನ ವೃಂದ ಬೇಕೇ ಬೇಕು. ತೊಂದರೆ ಏನೆಂದರೆ, ಅಂಥ ದೊಡ್ಡ ಹಬ್ಬದ ಸದ್ದು ಕೇಳಿ ಬಂದವರಿಗೆ ನಲವತ್ತು ಜನರ ನಮ್ಮ ಚರ್ಚಿನಲ್ಲೂ ಅದೇ ಸದ್ದು ಬೇಕು ಅನ್ನಿಸುತ್ತದೆ. ನಲವತ್ತು ಜನರಿಗೆ ಒಂದು ಪೇಟಿ, ಒಂದು ಡೋಲಕ್ ಸಾಕು. ಸಾಲದೆ ಬಂದಾಗ ಟ್ರ್ಯಾಕ್ ಇರಲಿ.

"ಟ್ರ್ಯಾಕ್ ಇಲ್ಲದಿದ್ದರೆ ಯುವಕರು ಬರುವುದಿಲ್ಲ" ಎನ್ನುವವರಿದ್ದಾರೆ. ಇರಬಹುದು. ಆದರೆ ಯುವಕರು ಬಂದು ಮಾಡುವುದಾದರೂ ಏನು? ಒಬ್ಬ ಮೊಬೈಲ್ ಒತ್ತುತ್ತಾನೆ, ಉಳಿದವರು ನೋಡುತ್ತಾರೆ. ಪೇಟಿಯ ಪಕ್ಕ ಒಬ್ಬನನ್ನು ಕೂರಿಸಿ, ಡೋಲಕ್ ಇನ್ನೊಬ್ಬನ ಕೈಗೆ ಕೊಡಿ, ರೆಕಾರ್ಡಿಂಗ್ ಮೂರನೆಯವಳಿಗೆ ಒಪ್ಪಿಸಿ. ಮೂವರಿಗೂ ಕೆಲಸ ಸಿಕ್ಕಿತಲ್ಲ!

ನಮ್ಮ ಅಭಿಪ್ರಾಯವನ್ನು ಮೂರು ಮಾತಿನಲ್ಲಿ ಹೇಳುತ್ತೇವೆ. ನುಡಿಸುವವರು ಒಬ್ಬರಿದ್ದರೂ ಮೊದಲ ಹಾಡು ಅವರದು. ಟ್ರ್ಯಾಕ್ ಹಾಕಿದರೆ ಅದು ಜನರ ದನಿಗಿಂತ ಕೆಳಗಿರಲಿ. ವಾರಕ್ಕೆ ಒಂದು ಹಾಡನ್ನಾದರೂ ಯಾವ ವಾದ್ಯವೂ ಇಲ್ಲದೆ, ಬರಿಯ ಬಾಯಲ್ಲಿ ಹಾಡಿ. ಕರೆಂಟ್ ಹೋದ ದಿನಕ್ಕೆ ಅದೇ ಅಭ್ಯಾಸ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಹಳೇ ಲ್ಯಾಪ್‌ಟಾಪ್ ಹಿಡಿದು ನಾವೇ ಆ ಚರ್ಚಿಗೆ ಹೋದೆವು. ಹುಡುಗ ಪೇಟಿಯ ಬಟ್ಟೆ ತೆಗೆದ, ಧೂಳು ಒರೆಸಿದ. ಅಜ್ಜ ಸಾ ಹಿಡಿದರು. ಹುಡುಗ ಟ್ರ್ಯಾಕನ್ನು ಇಳಿಸುತ್ತಾ ಬಂದ. ನಾಲ್ಕನೇ ಸಲಕ್ಕೆ ಎರಡೂ ಕೂಡಿತು. ಅಜ್ಜ ತಲೆ ಎತ್ತಿ ನೋಡಿ, "ಈಗ ಬಂತು ನೋಡು" ಎಂದರು. ಆಮೇಲೆ ಟ್ರ್ಯಾಕ್ ನಿಲ್ಲಿಸಲು ಹೇಳಿ, ಹುಡುಗ ಯಾವತ್ತೂ ಕೇಳದ ಒಂದು ಹಳೇ ಕೀರ್ತನೆ ಶುರು ಮಾಡಿದರು. ಹುಡುಗ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿದ.

ಆ ಸಂಜೆ ನಾಲ್ಕು ಹಾಡು ಆಯಿತು. ಇನ್ನೆಷ್ಟು ಬರುತ್ತವೆ ಎಂದು ಕೇಳಿದ್ದಕ್ಕೆ ಅಜ್ಜ ಕೀರ್ತನೆ ಪುಸ್ತಕವನ್ನು ಹುಡುಗನ ಕೈಗಿಟ್ಟು, "ಬರದೇ ಇರೋದನ್ನ ಕೇಳು, ಲೆಕ್ಕ ಸುಲಭ ಆಗ್ತೈತಿ" ಎಂದರು.

ನಿಮ್ಮೂರಲ್ಲೂ ಒಬ್ಬ ಪೇಟಿ ಅಜ್ಜ ಇರಬಹುದು. ಚರ್ಚೇ ಆಗಬೇಕೆಂದಿಲ್ಲ, ಭಜನೆ ಮನೆಯಲ್ಲಿ, ಮೊಹರಂ ಹಾಡಿನ ಮೇಳದಲ್ಲಿ, ನಾಟಕದ ಅಟ್ಟದ ಕೆಳಗೆ ಎಲ್ಲಿಯಾದರೂ ಸರಿ. ಮುಂದಿನ ವಾರ ಟ್ರ್ಯಾಕ್ ಹುಡುಕುವ ಮೊದಲು ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ಮೊಬೈಲ್ ಚಾರ್ಜ್ ಮಾಡಿಕೊಂಡು ಹೋಗಿ.